ಬಾಗಿಲು ತಟ್ಟುವವಳ ಬೆನ್ನಿಗೆ ಯಾರಿದ್ದಾರೆ?

ಮಕ್ಕಳ ಕೈಗೆ ಮದ್ಯ ಸಿಗಬಾರದು ಎನ್ನುವ ಕಾನೂನಿಗೆ ನಮ್ಮಲ್ಲಿ ಬರವಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ 18 ತುಂಬದವರಿಗೆ ಮದ್ಯ ಕೊಟ್ಟರೆ, ಕೊಡಿಸಿದರೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಕೈಯಿಂದ ಮದ್ಯ ಮಾರಿಸಿದರೆ, ಸಾಗಿಸಿದರೆ 78ನೇ ಕಲಮಿನಲ್ಲಿ ಅಷ್ಟೇ ಶಿಕ್ಷೆ. ಕರ್ನಾಟಕದ 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮಗಳು 21 ಎನ್ನುತ್ತವೆ. 2023ರ ಜನವರಿಯಲ್ಲಿ ಸರ್ಕಾರ ಆ 21ನ್ನೂ 18ಕ್ಕೆ ಇಳಿಸುವ ಕರಡು ಹೊರಡಿಸಿ, ಆಕ್ಷೇಪಣೆಗಳು ಬಂದ ಮೇಲೆ ಕೈಬಿಟ್ಟಿತು. ಈ ಎರಡು ವಯಸ್ಸಿನ ಗೊಂದಲ ಏನೇ ಇರಲಿ, ಹತ್ತನೇ ತರಗತಿಯ ಹುಡುಗನ ವಿಷಯದಲ್ಲಿ ಗೊಂದಲವೇ ಇಲ್ಲ. ಅವನಿಗೆ ಕೊಡುವ ಹಾಗಿಲ್ಲ.

ಆದರೂ ಅವನ ಕೈಗೆ ಬರುತ್ತದೆ. ಹೆಚ್ಚಾಗಿ ಬಾರಿನಿಂದಲ್ಲ. ಗೂಡಂಗಡಿಯ ಚೀಲಗಳ ಹಿಂದಿನಿಂದ, ದೊಡ್ಡ ಹುಡುಗರ ಬೈಕಿನ ಡಿಕ್ಕಿಯಿಂದ, ಮದುವೆಯ ಹಿಂದಿನ ರಾತ್ರಿ ಸ್ವಂತ ಸೋದರಮಾವನ ಗ್ಲಾಸಿನಿಂದ. ಈ ಮೂರು ಜಾಗಕ್ಕೂ ಪೊಲೀಸರಿಗಿಂತ ಮೊದಲು ಕಣ್ಣು ಹಾಯುವುದು ಊರಿನವರದ್ದು. ಅದಕ್ಕೇ ಊರಿನವರೇ ಸೇರಿ ಕಟ್ಟಿಕೊಂಡ ಗುಂಪುಗಳ ಮೇಲೆ ನನಗೆ ನಂಬಿಕೆ. ಕಾರವಾರಕ್ಕೂ ಅಂಕೋಲೆಗೂ ನಡುವಿನ ಕೆಲವು ಹಳ್ಳಿಗಳಲ್ಲಿ ಇಂಥ ಒಂದು ಗುಂಪಿನ ಜೊತೆ ನಾನು ಕೆಲವು ವರ್ಷಗಳಿಂದ ಇದ್ದೇನೆ. ಅದಕ್ಕೆ ನೋಂದಣಿ ಇಲ್ಲ, ಬೋರ್ಡಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ, ಸ್ವಸಹಾಯ ಸಂಘದ ಹೆಂಗಸರು, ನಿವೃತ್ತರಾದ ಒಬ್ಬ ಅಕ್ಕೋರು (ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದು ಹೀಗೆ), ಒಬ್ಬ ಬೋಟ್ ಮಾಲಕ, ಪಿಯುಸಿ ಓದುವ ಹುಡುಗ ಹುಡುಗಿಯರು, ಬಿಡುವಾದಾಗ ಬರುವ ಬೀಟ್ ಪೊಲೀಸ್. ಇಷ್ಟೇ.

ಇವರ ನಡುವೆ ಕೂತು ನಾನು ಕಂಡುಕೊಂಡದ್ದು ಒಂದೇ ಮಾತು. ಇಂಥ ಗುಂಪು ಉಳಿಯುವುದೂ ಅಳಿಯುವುದೂ, ಅಂಗಡಿಯ ಬಾಗಿಲಿಗೆ ಹೋಗಿ ನಿಲ್ಲುವ ಆ ಒಬ್ಬ ಹೆಂಗಸಿಗೆ ನಾವು ಏನು ಕೊಟ್ಟು ಕಳಿಸುತ್ತೇವೆ ಎಂಬುದರ ಮೇಲೆ. ಪ್ರತಿಜ್ಞಾ ವಿಧಿ, ಜಾಥಾ, ಬ್ಯಾನರ್ ಎಲ್ಲ ಆಮೇಲಿನ ಮಾತು.

ಗಡಿ ಜಿಲ್ಲೆಯಾದ್ದರಿಂದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ಕಾಳಿ ಸೇತುವೆ ದಾಟಿ, ಸದಾಶಿವಗಡ ಕಳೆದು ಉತ್ತರಕ್ಕೆ ಹೋದರೆ ಮಾಜಾಳಿ ಚೆಕ್‌ಪೋಸ್ಟ್. ಅದರಾಚೆ ಗೋವಾದ ಪೊಳೆಂ. ಅಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ. ಇದು ನಿನ್ನೆ ಮೊನ್ನೆಯ ಕಥೆಯಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, 1949ರ ಮುಂಬಯಿ ಪಾನನಿರೋಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಈ ಮಗ್ಗುಲಿಗೆ ಪಾನನಿರೋಧ, ಆ ಮಗ್ಗುಲಿಗೆ 1961ರವರೆಗೂ ಪೋರ್ಚುಗೀಸರ ಗೋವಾ. ಆಮೇಲೆ 2007ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಕಾಯ್ದೆ ಬೇಡ ಎನ್ನುತ್ತಿಲ್ಲ ನಾನು, ಖಂಡಿತ ಬೇಕು. ಆದರೆ ಚೆಕ್‌ಪೋಸ್ಟಿನಲ್ಲಿ ಬಸ್ಸು ಹತ್ತಿ ಚೀಲ ತಡಕುವ ಸಿಬ್ಬಂದಿಗೆ ನಮ್ಮ ಕೇರಿಯ ಗೂಡಂಗಡಿ ಕಾಣುವುದಿಲ್ಲ. ಅದು ಕಾಣುವುದು ಬಾಣಂತಿಯ ಮನೆಗೆಂದು ದಿನಾ ಆ ದಾರಿಯಲ್ಲೇ ನಡೆದು ಹೋಗುವ ಆಶಾಗೆ.

ಕಂಡದ್ದನ್ನು ಅವಳು ಹೇಳಲಿ ಎಂದು ನಾವೆಲ್ಲ ಬಯಸುತ್ತೇವೆ. ಹೇಳಿದ ಮೇಲೆ ಅವಳು ಆ ಊರಲ್ಲೇ ಬದುಕಬೇಕು ಎಂಬುದು ಮಾತ್ರ ನಮ್ಮ ತಲೆಗೆ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡದಲ್ಲಿ ನಿಂತಿದ್ದ ಜುಲೈನ ಒಂದು ಮಧ್ಯಾಹ್ನ, ಗ್ರಂಥಾಲಯದ ಕೋಣೆಯಲ್ಲಿ ಸೇರಿದ್ದೆವು. ಆಗಸ್ಟ್ 1ಕ್ಕೆ ಯಾಂತ್ರಿಕ ಮೀನುಗಾರಿಕೆಯ 61 ದಿನಗಳ ನಿಷೇಧ ಮುಗಿಯುತ್ತದೆ. ಬಂದರಿನಲ್ಲಿ ಬಲೆ ಎಳೆಯಲು, ಮೀನು ಆರಿಸಲು ಹೋಗುವ ಹುಡುಗರ ಕೈಯಲ್ಲಿ ಮತ್ತೆ ದುಡ್ಡು ಆಡತೊಡಗುತ್ತದೆ. ಅಷ್ಟರೊಳಗೆ ಒಂದು ಅಂಗಡಿಯವನ ಹತ್ತಿರ ಮಾತಾಡಬೇಕು ಎಂಬ ವಿಷಯ ಬಂತು. ಎಲ್ಲರ ಕಣ್ಣೂ ಆ ಕೇರಿಯ ಆಶಾ ಕಡೆಗೆ ತಿರುಗಿತು. ಅವಳು ಕೊಡೆಯ ಹಿಡಿಯನ್ನು ತಿರುಗಿಸುತ್ತ ಹೇಳಿದಳು: "ಹೋಗಿ ಹೇಳು ಅಂತ ನೀವು ಸುಲಭದಲ್ಲಿ ಹೇಳ್ತೀರಿ. ಅಂವ ನನ್ನ ಗಂಡನ ಚಿಕ್ಕಪ್ಪನ ಮಗ. ನಾಳೆ ಬೆಳಗಾದ್ರೆ ಉದ್ರಿ ಅಕ್ಕಿ ತರೂದು ಅವನ ಅಂಗಡಿಯಿಂದ್ಲೇ. ಹ್ಯಾಂಗೆ ಕೇಳೂದು?"

ಯಾರ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಅಕ್ಕೋರು ಎದ್ದರು. ಮೇಜಿನ ಹಿಂದೆ ಹೋಗಿ ಕೂತು, ಹಾಜರಿ ಪುಸ್ತಕ ಎದುರಿಗೆ ಎಳೆದುಕೊಂಡು, "ನಾನೇ ಅಂಗಡಿಯವ. ಬಾ, ಕೇಳು" ಎಂದರು. ಆಶಾ ಎದುರು ನಿಂತು ಬಾಯಿ ತೆರೆಯುವ ಮೊದಲೇ ಅಕ್ಕೋರು ಶುರು ಮಾಡಿದರು: "ಏನತ್ತಿಗೇ, ಯಾವಾಗ ಪೊಲೀಸ್ ಇಲಾಖೆ ಸೇರಿದ್ರಿ?" ಕೋಣೆಯೆಲ್ಲ ನಕ್ಕಿತು. ಆಶಾ ನಗಲಿಲ್ಲ. ಅವಳ ಮುಖ ಬಾಡಿದ್ದು ಕಂಡಿತು. ನಿಜವಾಗಿಯೂ ಅವನು ಅನ್ನುವುದು ಅದನ್ನೇ ಎಂದು ಅವಳಿಗೆ ಗೊತ್ತಿತ್ತು.

ಮತ್ತೆ ಮತ್ತೆ ಆಡಿಸಿದರು ಅಕ್ಕೋರು. ಒಮ್ಮೆ ಆಶಾ ಕಾನೂನು ಹೇಳಿದಳು, ಅಂಗಡಿಯವ ಜಗಳಕ್ಕೇ ನಿಂತ. ಇನ್ನೊಮ್ಮೆ ಗೋಗರೆದಳು, "ನನಗೂ ಹೊಟ್ಟೆಪಾಡು ಅತ್ತಿಗೆ" ಎಂದು ಅವನು ತಾನೂ ಗೋಗರೆದ. ಹೀಗೆ ಹೋಗುತ್ತ ಅವಳದೇ ಮಾತು ಅವಳಿಗೆ ಸಿಕ್ಕಿತು. "ತಮ್ಮಾ, ನಾ ದೂರು ಕೊಡೂಕೆ ಬಂದವಳಲ್ಲ. ಒಂಬತ್ತನೇ ಕ್ಲಾಸಿನ ಹುಡುಗ ನಿನ್ನ ಅಂಗಡಿ ಹಿಂದೆ ಬಿದ್ದಿದ್ದ. ಎತ್ತಿ ಮನೆ ಮುಟ್ಟಿಸಿದವಳು ನಾನೇ. ನಾಳೆ ಅವನಿಗೆ ಏನಾದ್ರೂ ಆದ್ರೆ ನಿನ್ನ ಹೆಸರೇ ಬರೂದು. ಮಕ್ಕಳಿಗೆ ಕೊಡಬೇಡ. ಇಷ್ಟು ಹೇಳೂಕೆ ನಾವಿಬ್ರು ಬಂದದ್ದು."

ಆ ಕೊನೆಯ ವಾಕ್ಯದ "ನಾವಿಬ್ರು" ಅವಳೇ ಸೇರಿಸಿದ್ದು. ಅಲ್ಲಿಂದ ಮುಂದೆ ಗುಂಪಿನ ಪದ್ಧತಿ ಹಾಗೇ ಆಯಿತು. ಯಾರೂ ಒಬ್ಬರೇ ಹೋಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಅದೇ ಕೇರಿಯವರು, ಇನ್ನೊಬ್ಬರು ಹೊರಗಿನವರು. ಕೇರಿಯವರು ಮಾತಾಡುತ್ತಾರೆ, ಹೊರಗಿನವರು ಸುಮ್ಮನೆ ಜೊತೆಗೆ ನಿಲ್ಲುತ್ತಾರೆ. ಸಂಬಂಧ ಇರುವವರ ಮಾತಿಗೆ ಬೆಲೆ, ಸಂಬಂಧ ಇಲ್ಲದವರು ಪಕ್ಕದಲ್ಲಿದ್ದರೆ ಆ ಮಾತಿಗೆ ತೂಕ.

ಇನ್ನೂ ಒಂದನ್ನು ಅಂದೇ ತೀರ್ಮಾನಿಸಿದೆವು, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ತಿಳಿಹೇಳುವವರು ಬೇರೆ, ದೂರು ಕೊಡುವವರು ಬೇರೆ. ಪರವಾನಗಿ ಇಲ್ಲದೆ ಮಾರುವುದು ಹೇಗೂ ಅಪರಾಧವೇ. ಹೇಳಿದರೂ ಕೇಳದಿದ್ದರೆ ಅಬಕಾರಿ ಇಲಾಖೆಗೆ ಪತ್ರ ಹೋಗುವುದು ಪಂಚಾಯಿತಿಯ ಕಾವಲು ಸಮಿತಿಯ ಹೆಸರಲ್ಲಿ, ಅಧ್ಯಕ್ಷರ ಸಹಿಯಲ್ಲಿ. ಅದರಲ್ಲಿ ಆಶಾಳ ಹೆಸರಿರುವುದಿಲ್ಲ, ಅವಳ ಕೇರಿಯ ಒಬ್ಬಳೇ ಕಂಡದ್ದು ಎಂದು ಊಹಿಸಬಹುದಾದ ವಿವರವೂ ಇರುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಅಂಗಡಿಯ ಹೆಸರು ಹೇಳಿ ಎಂದು ಹೆಂಗಸರನ್ನು ಹುರಿದುಂಬಿಸುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಹುರಿದುಂಬಿಸಿದವರು ಸಭೆ ಮುಗಿದ ಮೇಲೆ ಜೀಪು ಹತ್ತಿ ಹೋಗುತ್ತಾರೆ. ಮರುದಿನ ಅದೇ ಅಂಗಡಿಯ ಮುಂದೆ ಹಾದು ಹೋಗುವವಳು ಅವಳು.

ಈ ಕೆಲಸದಲ್ಲಿ ಹೊರಗಿನ ಅನುಭವದಿಂದ ಕಲಿಯುವುದು ಬೇಕಾದಷ್ಟಿದೆ. ಅಮೆರಿಕದಲ್ಲಿ 1997ರ ಒಂದು ಕಾಯ್ದೆಯಡಿ ಊರೂರಿನ ಇಂಥ ಒಕ್ಕೂಟಗಳಿಗೆ ಕೇಂದ್ರ ಸರ್ಕಾರ ಅನುದಾನ ಕೊಡುತ್ತದೆ. ಅದಕ್ಕೊಂದು ಷರತ್ತಿದೆ. ಪಾಲಕರು, ಯುವಜನ, ಶಾಲೆ, ವ್ಯಾಪಾರಿಗಳು, ಪೊಲೀಸರು, ವೈದ್ಯರು, ಮಾಧ್ಯಮ, ಧಾರ್ಮಿಕ ಸಂಸ್ಥೆಗಳು ಹೀಗೆ 12 ವಲಯಗಳ ಜನ ಒಕ್ಕೂಟದಲ್ಲಿ ಇರಲೇಬೇಕು. ಐಸ್‌ಲ್ಯಾಂಡಿನ ಕಥೆ ಇದಕ್ಕಿಂತ ಪ್ರಸಿದ್ಧ. 1998ರಲ್ಲಿ ಅಲ್ಲಿನ 15-16 ವಯಸ್ಸಿನ ಮಕ್ಕಳಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದದ್ದಾಗಿ ಹೇಳಿದ್ದರು. 2016ಕ್ಕೆ ಅದು ಶೇ 5ಕ್ಕೆ ಇಳಿಯಿತು. ಮಕ್ಕಳ ಆಟ, ಸಂಗೀತಕ್ಕೆ ನಗರಸಭೆಗಳು ದುಡ್ಡು ಕೊಟ್ಟವು. ಪಾಲಕರು ಗುಂಪಾಗಿ ರಾತ್ರಿ ಬೀದಿಯಲ್ಲಿ ನಡೆದರು. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು ಸಂಗತಿ. ಅವರು ಮಕ್ಕಳಿಂದ ಪಡೆದ ಉತ್ತರಗಳನ್ನು ಆಯಾ ಊರಿಗೆ, ಆಯಾ ಶಾಲೆಗೆ ಬೇಗನೆ ಮರಳಿ ಕೊಟ್ಟರು. ನಿಮ್ಮ ಊರಿನ ಸ್ಥಿತಿ ಇದು, ಏನು ಮಾಡುತ್ತೀರಿ ನೋಡಿ ಎಂದರು.

ನಮ್ಮಲ್ಲಿ ಸಮೀಕ್ಷೆಯ ಕಾಗದ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ. ಮನೆ ಮನೆ ತಿರುಗಿ ಬರೆದುಕೊಂಡ ಅಂಗನವಾಡಿ ಕಾರ್ಯಕರ್ತೆಗೆ ತಾನು ಬರೆದದ್ದರಿಂದ ಏನು ತಿಳಿಯಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕೆ ಗ್ರಂಥಾಲಯದ ಮೇಲ್ವಿಚಾರಕಿ ಒಂದು ಉಪಾಯ ಮಾಡಿದಳು. ಹೈಸ್ಕೂಲಿನಲ್ಲಿ ಮುಖ್ಯಾಧ್ಯಾಪಕರ ಒಪ್ಪಿಗೆ ಪಡೆದು, ಹೆಸರು ಬರೆಯದೆ ಚೀಟಿ ಹಾಕುವ ಪೆಟ್ಟಿಗೆ ಇಟ್ಟಳು. ಪ್ರಶ್ನೆ ಎರಡೇ: ನಿನ್ನ ವಯಸ್ಸಿನವರಿಗೆ ಮದ್ಯ ಎಲ್ಲಿ ಸಿಗುತ್ತದೆ, ಯಾವ ದಿನ ಹೆಚ್ಚು ಸಿಗುತ್ತದೆ? ಯಾರು ಕುಡಿಯುತ್ತಾರೆ ಎಂದು ಕೇಳಲೇ ಇಲ್ಲ. ಚೀಟಿಗಳನ್ನು ಶಿಕ್ಷಕರೂ ನೋಡಲಿಲ್ಲ, ನಾವೇ ಸಭೆಯಲ್ಲಿ ಬಿಚ್ಚಿ ಓದಿದೆವು.

ದೊಡ್ಡವರೆಲ್ಲ ಗೋವಾ, ಬಾರು ಎನ್ನುತ್ತಿದ್ದೆವು. ಮಕ್ಕಳ ಚೀಟಿಯಲ್ಲಿ ಮೇಲಿಂದ ಮೇಲೆ ಬಂದದ್ದು ಟೂರ್ನಮೆಂಟಿನ ಕೊನೆಯ ರಾತ್ರಿ. ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ. ಗೆದ್ದ ತಂಡಕ್ಕೆ ಬಹುಮಾನದ ಜೊತೆ ಪ್ರಾಯೋಜಕರ ಪಾರ್ಟಿ. ತಂಡದಲ್ಲಿ 16ರ ಹುಡುಗನೂ ಇದ್ದಾನೆ, 30ರ ಗೃಹಸ್ಥನೂ ಇದ್ದಾನೆ. ಘಟ್ಟದ ಮೇಲೆ, ಶಿರಸಿ ಕಡೆ ಲೆಕ್ಕವೇ ಬೇರೆ. ಅಲ್ಲಿ ಇದೇ ಕೆಲಸದಲ್ಲಿರುವ ಗೆಳತಿ ಹೇಳುವಂತೆ ಅಲ್ಲಿಯದು ಅಡಿಕೆ ಸುಲಿಯುವ ರಾತ್ರಿಗಳ ಕಥೆ: ಕೈಗೆ ಬೀಳುವ ಬಿಡಿ ಕಾಸು, ದೊಡ್ಡವರ ಜೊತೆ ಸರಿರಾತ್ರಿವರೆಗೆ ಕೂರುವ ಹುಡುಗರು. ಒಂದೇ ಜಿಲ್ಲೆ, ಒಂದೇ ಸುತ್ತೋಲೆ. ಕರಾವಳಿಗೆ ಒಪ್ಪುವ ಉಪಾಯ ಘಟ್ಟದ ಮೇಲೆ ಒಪ್ಪುವುದಿಲ್ಲ. ಅದನ್ನು ನಿರ್ಧರಿಸುವ ಅಧಿಕಾರ ಅಲ್ಲಲ್ಲಿ ಕೆಲಸ ಮಾಡುವವರ ಕೈಯಲ್ಲೇ ಇರಬೇಕು.

ಟೂರ್ನಮೆಂಟಿನ ವಿಷಯವನ್ನು ನಾವು ಯುವಕ ಮಂಡಳದ ಹುಡುಗರಿಗೇ ಬಿಟ್ಟೆವು. ಮಕ್ಕಳಿಗೆ ಬುದ್ಧಿ ಹೇಳಿ ಎನ್ನಲಿಲ್ಲ, ಚೀಟಿಗಳನ್ನು ಅವರ ಮುಂದೆ ಹರವಿ ಏನು ಮಾಡುತ್ತೀರಿ ಎಂದು ಕೇಳಿದೆವು. ಅವರು ತಂದ ನಿಯಮ ನಾವು ಯೋಚಿಸಿದ್ದಕ್ಕಿಂತ ಬಿಗಿಯಾಗಿತ್ತು. ಪ್ರವೇಶ ಪತ್ರದಲ್ಲೇ ಆಟಗಾರನ ವಯಸ್ಸು ಬರೆಯಬೇಕು, 18 ತುಂಬದ ಹುಡುಗ ಕುಡಿದದ್ದು ಕಂಡರೆ ಇಡೀ ತಂಡ ಮುಂದಿನ ವರ್ಷ ಹೊರಗೆ, ಜವಾಬ್ದಾರಿ ಕ್ಯಾಪ್ಟನ್‌ನದು. ಪ್ರಾಯೋಜಕರ ಪಾರ್ಟಿಯ ಬದಲು ಎಲ್ಲ ತಂಡಗಳಿಗೂ ಮೈದಾನದಲ್ಲೇ ಮೀನೂಟ. ಇದನ್ನು ನಾನು ಮೈಕಿನಲ್ಲಿ ಹೇಳಿದ್ದರೆ ಕೂಗಿ ಕೂರಿಸುತ್ತಿದ್ದರು. ಹೇಳಿದ್ದು ಊರಿನ ಒಳ್ಳೆಯ ಸ್ಮ್ಯಾಶರ್. ಎಲ್ಲ ಕಡೆ ಪಾಲನೆಯಾಯಿತು ಎಂದು ಹೇಳಲಾರೆ. ಆದರೆ ನಿಯಮ ಮುರಿದಾಗ ಕೇಳುವವರು ಈಗ ಅವರೇ.

ಮಕ್ಕಳನ್ನು ಬರೀ ಕೇಳುಗರಾಗಿ ಕೂರಿಸುವ ರೂಢಿ ಬಿಡಬೇಕು. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಇದೆ, ವರ್ಷಕ್ಕೊಮ್ಮೆ ನಡೆಯುತ್ತದೆ. ಬಹಳ ಕಡೆ ಸ್ವಾಗತ ಗೀತೆ, ಭಾಷಣ, ಬಿಸ್ಕತ್ತು, ಮುಗಿಯಿತು. ನಮ್ಮ ಕಡೆಯ ಒಂದು ಸಭೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ಒಳದಾರಿಯಲ್ಲಿ ಬೀದಿದೀಪ ಹಾಳಾಗಿದೆ, ಸಂಜೆ ಅಲ್ಲಿ ಕುಡಿಯುವವರು ಕೂತಿರುತ್ತಾರೆ, ನಾವು ಸುತ್ತು ಹೊಡೆದು ಹೋಗುತ್ತೇವೆ ಎಂದಳು. ಪಿಡಿಒ ಬರೆದುಕೊಂಡರು. ದೀಪ ಬಂತು. ಮುಂದಿನ ಸಭೆಗೆ ಆ ಹುಡುಗಿ ಇನ್ನೂ ನಾಲ್ಕು ಜನರನ್ನು ಕರೆತಂದಳು. ಕೇಳಿದ್ದಕ್ಕೆ ಉತ್ತರ ಬಂದರೆ ಸಾಕು, ಮಕ್ಕಳು ಕೆಲಸಕ್ಕೆ ಇಳಿಯುತ್ತಾರೆ.

ಇನ್ನು ಸಿಬ್ಬಂದಿಯ ಮಾತು. ಆಶಾ, ಅಂಗನವಾಡಿ, ಗ್ರಂಥಾಲಯ: ಸರ್ಕಾರದ ಯಾವ ಯೋಜನೆ ಬಂದರೂ ಕೊನೆಗೆ ಬಂದು ಬೀಳುವುದು ಇವರ ಹೆಗಲಿಗೆ. ಚುನಾವಣೆ ಕೆಲಸ, ಪೋಲಿಯೊ, ಗಣತಿ, ಆ್ಯಪ್‌ಗೆ ಫೋಟೊ ಏರಿಸುವುದು. ಅದರ ಮೇಲೆ ನಾವು ಹೋಗಿ ಮಕ್ಕಳ ಕುಡಿತವನ್ನೂ ನೀವೇ ನೋಡಿಕೊಳ್ಳಿ ಎಂದರೆ ಅದು ಅನ್ಯಾಯ. ಮನಸ್ಸಿದ್ದವರಿಗೂ ಮೈ ಬೇಕಲ್ಲ. ನಾವು ಪಂಚಾಯಿತಿಯಲ್ಲಿ ಹಟ ಹಿಡಿದು ಕೇಳಿದ್ದು ಸಣ್ಣ ಸಣ್ಣ ಸಂಗತಿಗಳನ್ನು. ಸಭೆ ಸಂಜೆ ಬೇಡ, ಮಧ್ಯಾಹ್ನ ಇರಲಿ, ಕತ್ತಲಾಗುವ ಮೊದಲು ಹೆಂಗಸರು ಮನೆ ಸೇರಬೇಕು. ಅದನ್ನು ಅವರ ಕೆಲಸದ ಹೊತ್ತೆಂದೇ ಎಣಿಸಿ. ಬಸ್ ಚಾರ್ಜು, ಫೋನ್ ರೀಚಾರ್ಜು ಅವರ ಕೈಯಿಂದ ಹೋಗಬಾರದು. ಗಂಡನಿಗೆ ಹುಷಾರಿಲ್ಲ, ಮಗಳ ಪರೀಕ್ಷೆ ಇದೆ, ಈ ಎರಡು ತಿಂಗಳು ಬರುವುದಿಲ್ಲ ಎಂದರೆ ಯಾರೂ ಮುಖ ಗಂಟಿಕ್ಕಬಾರದು. ಬಿಟ್ಟು ಹೋಗಲು ಅವಕಾಶ ಇದ್ದವರೇ ಹೆಚ್ಚಾಗಿ ಮರಳಿ ಬಂದಿದ್ದಾರೆ.

ತರಬೇತಿಯ ಬಗ್ಗೆ ನನ್ನದೊಂದು ತಕರಾರಿದೆ. ತಾಲೂಕು ಕೇಂದ್ರದಲ್ಲಿ ಒಂದು ದಿನ, ದೀಪ ಬೆಳಗುವುದು, ಗಣ್ಯರ ಮಾತು, ಪಿಪಿಟಿ, ಊಟ, ಪ್ರಮಾಣಪತ್ರ. ಮರಳಿ ಬಂದವಳಿಗೆ ಅಂಗಡಿಯ ಮುಂದೆ ನಿಂತಾಗ ಅದರಲ್ಲಿ ಒಂದು ಮಾತೂ ನೆನಪಿಗೆ ಬರುವುದಿಲ್ಲ. ಅಕ್ಕೋರು ಮೇಜಿನ ಹಿಂದೆ ಕೂತು ಮಾಡಿಸಿದ ಅರ್ಧ ಗಂಟೆಯೇ ನಿಜವಾದ ತರಬೇತಿ. ಈಗ ಪ್ರತಿ ಸಭೆಯಲ್ಲೂ ಅಂಥದ್ದೊಂದು ಇರುತ್ತದೆ. ಒಮ್ಮೆ ಕುಡಿದ ಅಪ್ಪ, ಒಮ್ಮೆ "ಒಂದು ಬಿಯರಿಗೆ ಏನಾಗ್ತದೆ, ನಮ್ಮ ಕಣ್ಣೆದುರೇ ಕುಡೀಲಿ" ಎನ್ನುವ ತಾಯಿ. ಆ ತಾಯಿಗೆ ಹೇಳಲು ನಮ್ಮ ಹೆಂಗಸರು ಒಂದು ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ: ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ 14 ಅಥವಾ ಅದಕ್ಕೂ ಮೊದಲು ಕುಡಿಯಲು ಶುರು ಮಾಡಿದವರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಮದ್ಯಕ್ಕೆ ದಾಸರಾದರು, 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಅದು ಶೇ 10ರ ಆಸುಪಾಸು. ಕುಡಿಯಬೇಡಿ ಎನ್ನುವುದಕ್ಕಿಂತ, ಇನ್ನೂ ಕೆಲವು ವರ್ಷ ಮುಂದೂಡೋಣ ಎನ್ನುವ ಮಾತು ತಾಯಂದಿರಿಗೆ ಒಪ್ಪಿಗೆಯಾಗುತ್ತದೆ.

ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೂ ಕಲಿಸಬೇಕು. ಸ್ವಯಂಸೇವಕಿ ವೈದ್ಯಳಲ್ಲ, ಪೊಲೀಸಳಲ್ಲ. ಮಗುವಿಗೆ ಅಪಾಯ ಕಂಡರೆ 1098. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್‌ನ 14416, ವ್ಯಸನದ ವಿಷಯಕ್ಕೆ 14446. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್. ಈ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡ ಮೇಲೆ ಒಬ್ಬ ಅಂಗನವಾಡಿ ಸಹಾಯಕಿ ಹೇಳಿದ್ದು: "ಈಗ ರಾತ್ರಿ ನಿದ್ದೆ ಬತ್ತದೆ."

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. ಹಾಲಕ್ಕಿ ಹಾಡುಗಳ ಭಂಡಾರವೇ ಆಗಿದ್ದ, 2017ರಲ್ಲಿ ಪದ್ಮಶ್ರೀ ಪಡೆದ, 2025ರ ಫೆಬ್ರವರಿಯಲ್ಲಿ ತೀರಿಕೊಂಡ ಆ ಅಜ್ಜಿ ಸಾರಾಯಿಯ ವಿರುದ್ಧ ತಮ್ಮ ಊರಿನ ಹೆಂಗಸರನ್ನು ಕಟ್ಟಿಕೊಂಡು ನಿಂತವರು. ಮಗನನ್ನು ಕುಡಿತಕ್ಕೆ ಕಳೆದುಕೊಂಡ ಸಂಕಟ ಅವರ ಮಾತಿನ ಹಿಂದಿತ್ತು. ಶಾಲೆ ಕಲಿಯದ, ಕೈಯಲ್ಲಿ ಯಾವ ಹುದ್ದೆಯೂ ಇಲ್ಲದ ಹೆಂಗಸೊಬ್ಬಳ ಮಾತಿಗೆ ಊರು ತಲೆಬಾಗಿದ್ದು ಅವರ ಹಾಡಿನ ಬಲದಿಂದ, ಬದುಕಿನ ಬಲದಿಂದ. ಅಂಥವರು ಊರಿಗೊಬ್ಬರು ಹುಟ್ಟುವುದಿಲ್ಲ. ಹುಟ್ಟಲಿ ಎಂದು ಕಾಯುತ್ತ ಕೂರುವ ಹಾಗೂ ಇಲ್ಲ. ನಮ್ಮ ಗುಂಪಿನ ಹೆಂಗಸರು ಸಾಮಾನ್ಯರು. ಸಾಮಾನ್ಯರಿಗೆ ಜೊತೆ ಬೇಕು, ಮಾತು ಬೇಕು, ತಮ್ಮ ಹೆಸರು ಬೇಕು.

ಹೆಸರಿನ ವಿಷಯ ಸಣ್ಣದಲ್ಲ. ಪೇಪರಿನ ಫೋಟೊದಲ್ಲಿ ಗಣ್ಯರು ಮುಂದೆ, ಕೆಲಸ ಮಾಡಿದವರು ಹಿಂದಿನ ಸಾಲಿನಲ್ಲಿ ಅರ್ಧ ಮುಖ. ಈಗ ಗ್ರಾಮಸಭೆಯಲ್ಲಿ ವರದಿ ಓದುವುದು ಆಯಾ ಕೇರಿಯ ಸ್ವಯಂಸೇವಕಿಯೇ. ಓದುವಾಗ ಅವರ ಕೈ ನಡುಗಿದ್ದನ್ನು ನೋಡಿದ್ದೇನೆ. ಆದರೆ ಅಧ್ಯಕ್ಷರು, ಪಿಡಿಒ ಉತ್ತರ ಕೊಡಬೇಕಾದದ್ದು ಅವಳಿಗೆ, ಅವಳ ಹೆಸರು ಹಿಡಿದು. ಅದಾದ ಮೇಲೆ ಪಂಚಾಯಿತಿ ಕಚೇರಿಗೆ ಹೋದರೆ ಅವಳಿಗೆ ಕುರ್ಚಿ ಸಿಗುತ್ತದೆ.

ಈಗ ಗುಂಪಿನಲ್ಲಿ ಒಂದು ದೊಡ್ಡ ಚರ್ಚೆ ನಡೆಯುತ್ತಿದೆ. ಹೆದ್ದಾರಿ ಬದಿಯ ಬಾರ್ ಮಾಲಕರೊಬ್ಬರು, ನಾನೂ ಸಭೆಗೆ ಬರುತ್ತೇನೆ, ನನಗೂ ಮಕ್ಕಳಿದ್ದಾರೆ ಎಂದು ಹೇಳಿ ಕಳಿಸಿದ್ದಾರೆ. ಕುಡಿತ ಬಿಟ್ಟು ಈಗ ಅಂಥವರದೇ ಗುಂಪಾದ ನವಜೀವನ ಸಮಿತಿಯಲ್ಲಿರುವ, ನಮ್ಮ ಗುಂಪಿಗೆ ದೊಡ್ಡ ಬಲವಾಗಿರುವ ಹಿರಿಯರೊಬ್ಬರಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. "ಅವನ ಬಿಲ್ಲಿನಲ್ಲಿ ನನ್ನ ಗದ್ದೆ ಹೋಯ್ತು" ಎಂದರು. ಅದಕ್ಕೆ ಎದುರು ಆಡಲು ನನ್ನಲ್ಲಿ ಮಾತಿರಲಿಲ್ಲ. ಆದರೂ ಬಾರ್ ಮಾಲಕರು ಬರಲಿ ಎಂದೇ ನನ್ನ ಅಭಿಪ್ರಾಯ. ಅವರಿಂದ ನಯಾ ಪೈಸೆ ದೇಣಿಗೆ ಬೇಡ, ಟೀ ಬೇಡ, ಬ್ಯಾನರಿನಲ್ಲಿ ಹೆಸರು ಬೇಡ. ಕೌಂಟರಿನಲ್ಲಿ ಕೂರುವ ಹುಡುಗರು ವಯಸ್ಸಿನ ಗುರುತಿನ ಚೀಟಿ ಕೇಳುತ್ತಾರೋ ಇಲ್ಲವೋ, ಗೂಡಂಗಡಿಯವರು ಪೆಟ್ಟಿಗೆಗಟ್ಟಲೆ ಒಯ್ಯುವುದು ಯಾರ ಅಂಗಡಿಯಿಂದ ಎಂದು ಎದುರು ಕೂರಿಸಿ ಕೇಳಬೇಕಾದರೆ ಅವರು ಕೋಣೆಯೊಳಗೆ ಇರಬೇಕಲ್ಲ.

ತೀರ್ಮಾನ ನಮ್ಮ ಇಬ್ಬರದ್ದೂ ಅಲ್ಲ. ಮುಂದಿನ ಸಭೆಗೆ ಅಧ್ಯಕ್ಷತೆ ಆ ಆಶಾಳದ್ದೇ. ಅವಳು ಈಗಾಗಲೇ ಹಿರಿಯರ ಮನೆಗೆ ಹೋಗಿ ಮಾತಾಡಿ ಬಂದಿದ್ದಾಳೆ, ಬಾರ್ ಮಾಲಕರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದು ಗುಂಪಿನ ವಾಟ್ಸ್‌ಆ್ಯಪ್‌ಗೆ ಹಾಕಿದ್ದಾಳೆ. ಮೊದಲನೆಯದು ಪೆಟ್ಟಿಗೆಗಳ ಬಗ್ಗೆ.